ಹುಣಸಿಹಣ್ಣು ಹಚ್ಚಿ ತಿಕ್ಕಿದ ಕಾಜು

ಮೊನ್ನೆ ನನ್ನ ಎಡಗಣ್ಣಿನ ಪೊರೆ ತೆಗೆಸಿದರು. ಜಲನಗರದ ನಮ್ಮ ಮನೆಯ ಮುಂದೆ ಆಟೋ ಹತ್ತಿ ಸೆರಗು ಸರಿಮಾಡಿಕೊಳ್ಳುವುದರೊಳಗೆ ಇಳಿಯಬೇಕು, ಅಷ್ಟು ಹತ್ತಿರದ ದವಾಖಾನೆ. ಡಾಕ್ಟರು ಅಂದರೆ ನನ್ನ ಮೊಮ್ಮಗಳ ವಾರಿಗೆಯ ಹುಡುಗಿ. ಪಟ್ಟಿ ಬಿಚ್ಚಿ, ನನ್ನ ಗದ್ದ ಹಿಡಿದೆತ್ತಿ, ಕಣ್ಣೊಳಗೆ ಬ್ಯಾಟರಿ ಬಿಟ್ಟು ನೋಡಿ, "ಛಲೋ ಕೂತೈತ್ರಿ ಅಮ್ಮಾ, ಹೊಸಾ ಲೆನ್ಸು. ಇದರಾಗ ಯು.ವಿ. ಫಿಲ್ಟರ್ ಸೈತ ಐತ್ರಿ," ಅಂದಳು. ಯು.ವಿ. ಅಂದರೇನು ಅಂತ ಮುದುಕಿಗೆ ತಿಳಿಯುವ ಹಾಗೆ ಹೇಳಲಿಕ್ಕೆ ಆಕೆ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿಬಿಟ್ಟೆ.

"ಗೊತ್ತೈತಿ ಬಿಡವ್ವಾ. ನಿಮ್ಮವ್ವ ಹುಟ್ಟೂಕಿಂತ ಮೊದಲ ನಮ್ಮ ಆಯಿ ಅದನ್ನ ಹುಣಸಿಹಣ್ಣು ಹಚ್ಚಿ ತಿಕ್ಕಿದ್ಲು."

ಆ ಹುಡುಗಿ ನನ್ನ ಮೊಮ್ಮಗಳ ಮಾರಿ ನೋಡಿದಳು. ಮೊಮ್ಮಗಳು ನೆಲ ನೋಡಿದಳು. ಮದ್ದಿನ ಅಮಲು ಇನ್ನೂ ಇಳಿದಿಲ್ಲ ಅಂತ ಇಬ್ಬರೂ ತಿಳಕೊಂಡದ್ದು ನನ್ನ ಹೊಸ ಕಣ್ಣಿಗೆ ಸ್ವಚ್ಛ ಕಂಡಿತು.

ಮನೆಗೆ ಬಂದವಳೇ ಟ್ರಂಕಿನ ತಳದ ಕುಂಕುಮದ ಡಬ್ಬಿ ತೆಗೆದೆ. ಅದರಲ್ಲಿ ಒಂದು ಹಿತ್ತಾಳೆ ಬಳೆ ಇದೆ, ಎಳೆಗೂಸಿನ ಕೈಗೆ ಆಗುವಷ್ಟು. ಬಳೆಯ ತುಂಬ ದುಂಡನೆಯ ಕಾಜು, ನೀವು ಗಾಜು ಅನ್ನುತ್ತೀರಲ್ಲ, ಅದು. ಕಾಜಿನ ತುಂಬ ಗೀರು. ಮೊಮ್ಮಗಳು ಅದನ್ನು ಬೆಳಕಿಗೆ ಹಿಡಿದು, "ಅಜ್ಜಿ, ಇದೇನೂ ಕಾಣಂಗಿಲ್ಲ, ಒಗೀಲೇನು?" ಅಂದಳು. ಒಗೆಯುವವಳನ್ನು ಒಗೆದೇನು ಅಂದೆ. ಈಗ ನೀವು ಬಂದಿದ್ದೀರಿ, ಚಹಾ ಆಗುವವರೆಗೆ ಕೂತಿರುತ್ತೀರಿ. ಹೇಳುತ್ತೇನೆ, ಕೇಳಿರಿ.

ನಾನು ಬೆಳೆದದ್ದು ತಿಕೋಟಾದಲ್ಲಿ, ಅವ್ವನ ಅವ್ವನ ಹತ್ತಿರ. ಆಕೆಯೇ ಆಯಿ. ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಆಗ ಈಗಿನ ಹಾಗೆ ಆಟೋದಲ್ಲಿ ಹೋಗಿ ತೆಗೆಸಿಕೊಂಡು ಬರುವ ಮಾತಿರಲಿಲ್ಲ. ಸೂಜಿ ಹಾಕಿ ಕಣ್ಣಿನ ಪೊರೆ ತೆಗೆಯುವವರು ಊರೂರು ತಿರುಗುತ್ತಿದ್ದರು, ಅವರನ್ನು ಕಂಡರೆ ಆಯಿ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಆಕೆಗೆ ಕಣ್ಣಾಗಲಿ ಅಂತ ನನ್ನನ್ನು ಅಲ್ಲೇ ಇಟ್ಟು ಸಾಲಿಗೆ ಹಾಕಿದ್ದರು. ನಾನು ಎಂಥ ಕಣ್ಣು ಅಂದರೆ, ಅಕ್ಕಿಯಲ್ಲಿ ಹರಳು ಆರಿಸು ಅಂದರೆ ಅಕ್ಕಿ ಆರಿಸಿ ಒಗೆದು ಹರಳು ಉಳಿಸಿಕೊಡುವಂಥ ಕಣ್ಣು.

ಆಯಿಯ ಮಗ, ನನ್ನ ಮಾಮಾ, ವಿಜಾಪುರದಲ್ಲಿ ಫೋಟೋ ಅಂಗಡಿ ಇಟ್ಟಿದ್ದ. ಎರಡನೇ ಮಹಾಯುದ್ಧದ ಲಡಾಯಿ ನಡೆದಿದ್ದ ಕಾಲ. ಪಟಕ ಸುತ್ತಿಕೊಂಡು ಬಂದ ಗೌಡರನ್ನು ಖುರ್ಚಿಯ ಮೇಲೆ ಕೂಡಿಸಿ, "ಉಸರ ಹಿಡೀರಿ," ಅಂತಿದ್ದ. ಆಮೇಲೆ ಬಿಡ್ರಿ ಅನ್ನುವುದನ್ನು ಮರೆತುಬಿಡುತ್ತಿದ್ದ. ಒಬ್ಬರು ಅಂಗಡಿಯ ಪಾವಟಿಗೆ ಇಳಿದು ಹೋಗುವವರೆಗೂ ಉಸಿರು ಹಿಡಿದಿದ್ದರಂತೆ. ನನ್ನ ಫೋಟೋ ಮಾತ್ರ ಅವನಿಗೆ ಎಂದೂ ಸರಿ ಬರಲಿಲ್ಲ. ಈ ಮನೆಯಲ್ಲಿ ನನ್ನ ಚಿಕ್ಕಂದಿನ ಎಷ್ಟು ಫೋಟೋ ಇದ್ದಾವೋ ಅಷ್ಟರಲ್ಲೂ ನಾನು ಕಣ್ಣು ಮುಚ್ಚಿದ್ದೇನೆ. ಆಯಿಗೆ ಅವನ್ನು ತೋರಿಸುವ ಪ್ರಸಂಗ ಬರಲಿಲ್ಲ, ಅದೊಂದು ಪುಣ್ಯ.

ಆಯಿಯ ತವರು ವಿಜಾಪುರದಲ್ಲಿ, ಗೋಳಗುಮ್ಮಟದ ಬುಡದ ಓಣಿಯಲ್ಲಿ. ಇನ್ನೂ ಗೊಂಬೆ ಆಡುವ ವಯಸ್ಸಿನಲ್ಲಿ ಆಕೆಯನ್ನು ತಿಕೋಟಾಕ್ಕೆ ಕೊಟ್ಟರು. ಬಂಡಿ ಹತ್ತಿಸುವಾಗ ಅವರವ್ವ ಕಿವಿಯಲ್ಲಿ ಒಂದು ಮಾತು ಹೇಳಿದ್ದಳಂತೆ: "ನನ್ನ ನೆನಪಾತಂದ್ರ ಮಾಳಗಿ ಹತ್ತು. ಮೂಡಲ ದಿಕ್ಕಿಗೆ ನೋಡು. ಗುಮ್ಮಟ ಕಂಡ್ರ ನಾ ಕಂಡಂಗ." ಮಾಳಗಿ ಅಂದರೆ ನಮ್ಮ ಕಡೆಯ ಮಣ್ಣಿನ ಮನೆಯ ಮಟ್ಟಸವಾದ ಛಾವಣಿ. ಮೆಣಸಿನಕಾಯಿ ಒಣಹಾಕಲು, ಶಾವಿಗೆ ಹೊಸೆಯಲು, ಬೇಸಿಗೆಯಲ್ಲಿ ಮಲಗಲು ಎಲ್ಲಕ್ಕೂ ಅದೇ. ಹೊಸ ಸೊಸೆ ಸಂಜೆಮುಂದೆ ಮೆಣಸಿನಕಾಯಿ ಇಳಿಸುವ ನೆವ ಮಾಡಿ ಹತ್ತುತ್ತಿದ್ದಳು. ದೂರದಲ್ಲಿ, ಇಟ್ಟಂಗಿಹಾಳದ ಆಚೆ, ಆಕಾಶ ನೆಲಕ್ಕೆ ತಾಕುವಲ್ಲಿ ಗುಮ್ಮಟ ಕಾಣುತ್ತಿತ್ತು.

ಕಾಣುತ್ತಿತ್ತು ಅನ್ನುವುದು ಆಯಿಯ ಮಾತು. ಕಾಣುತ್ತಿರಲಿಲ್ಲ ಅನ್ನುವುದು ಗಂಗವ್ವನ ಮಾತು.

ಗಂಗವ್ವ ಅಂದರೆ ಆಯಿಯ ನಾದಿನಿ. ಆಯಿ ಸೊಸೆಯಾಗಿ ಬಂದಾಗ ಆಕೆಯೂ ಅಷ್ಟೇ ವಯಸ್ಸಿನ ಹುಡುಗಿ, ಇಬ್ಬರೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದರು. ಆಮೇಲೆ ಬಬಲೇಶ್ವರಕ್ಕೆ ಮದುವೆಯಾಗಿ ಹೋದಳು. ಮುದುಕಿಯಾದರೂ ಪಂಚಮಿ ಹಬ್ಬಕ್ಕೆ ತವರಿಗೆ ಬರುವುದನ್ನು ಬಿಡಲಿಲ್ಲ. ಬಂಡಿ ಇಳಿದು, ಕಾಲು ತೊಳೆದು, ಮೂಗಿಗೆ ತಪಕೀರು ಏರಿಸಿ, ಮೊದಲು ತೆಗೆಯುತ್ತಿದ್ದ ಮಾತೇ ಅದು. "ಏನ್ ವೈನಿ, ಗುಮ್ಮಟ ಇನ್ನೂ ಕಾಣತೈತೋ, ಇಲ್ಲಾ ಮುಪ್ಪಾಗಿ ಕುಂತೈತೋ?"

"ಐತಿ. ಕಣ್ಣಿದ್ದವರಿಗೆ ಕಾಣತೈತಿ," ಅಂತಿದ್ದಳು ಆಯಿ.

"ಅದು ಮೋಡ ಬೇ. ಆಗೂ ಮೋಡ, ಈಗೂ ಮೋಡ. ಇಲ್ಲಿಂದ ಗುಮ್ಮಟ ಕಂಡ್ರ ನಮ್ಮ ಬಬಲೇಶ್ವರದಿಂದ ಮುಂಬಯಿ ಕಾಣಬೇಕು."

ನಾನು ಹತ್ತಿ ನೋಡುತ್ತಿರಲಿಲ್ಲವೇ ಅಂತ ಕೇಳುತ್ತೀರಿ. ನೋಡುತ್ತಿದ್ದೆ. ನಮ್ಮ ಬಯಲು ಸೀಮೆಯ ಆಕಾಶ ನಿಮಗೆ ಗೊತ್ತಿಲ್ಲದ್ದೇನು, ಮುಕ್ಕಾಲು ವರ್ಷ ಧೂಳು, ಉಳಿದ ಕಾಲ ಒಂದು ನಮೂನೆ ನೀಲಿ ಮಬ್ಬು. ಒಮ್ಮೆ ಏನೋ ಇದ್ದ ಹಾಗಿರುತ್ತಿತ್ತು, ಒಮ್ಮೆ ಇಲ್ಲದ ಹಾಗೆ. ಆಯಿ ಶೇಂಗಾದ ಉಂಡಿ ಕೊಟ್ಟ ದಿನ ಇದೆ ಅನ್ನುತ್ತಿದ್ದೆ, ಗಂಗವ್ವಾಯಿ ಬೆಲ್ಲದ ಚೂರು ಕೊಟ್ಟ ದಿನ ಮೋಡ ಅನ್ನುತ್ತಿದ್ದೆ. ಸಾಕ್ಷಿಯ ಗುಣ ಇಷ್ಟು.

ಒಂದು ವರ್ಷ ಪಂಚಮಿಗೆ ಮಾಮಾ ಕ್ಯಾಮೆರಾ ತಂದ. ತಿದಿಯ ಹಾಗೆ ಮುಂದೆ ಎಳೆಯುವಂಥದ್ದು. "ನಡೀರಿ, ನಿಮ್ಮ ಜಗಳ ಇವತ್ತ ಹರೀತೈತಿ," ಅಂತ ಮಾಳಗಿ ಹತ್ತಿ ಫೋಟೋ ಹೊಡೆದ. ತೊಳೆದು ತಂದಾಗ ನೋಡಿದರೆ, ಮಾಳಗಿಯ ಕಟ್ಟೆ ಇತ್ತು, ಬೇವಿನ ಮರ ಇತ್ತು, ಹೊಲ ಇತ್ತು. ಅದರಾಚೆ ಬರೇ ಬಿಳುಪು, ಸುಣ್ಣ ಬಳಿದ ಹಾಗೆ. ಗಂಗವ್ವಾಯಿ ಇನ್ನೂ ಬಬಲೇಶ್ವರಕ್ಕೆ ಹೊರಟಿರಲಿಲ್ಲ.

"ನೋಡ ವೈನಿ," ಅಂದಳು. "ಮಂದಿ ಸುಳ್ಳ ಹೇಳ್ತಾರ. ಫೋಟೋ ಹೇಳಂಗಿಲ್ಲ."

ಆಯಿ ಜಗಳಕ್ಕೆ ಬರಲಿಲ್ಲ. ಅದಕ್ಕೇ ನಮಗೆ ಹೆದರಿಕೆಯಾಯಿತು. ಮೊರ ತೆಗೆದುಕೊಂಡು ಕೂತು, ಮೊದಲೇ ಹಸನಾಗಿದ್ದ ಬ್ಯಾಳಿಯನ್ನು ಮತ್ತೆ ಹಸನು ಮಾಡತೊಡಗಿದಳು. ಗಂಗವ್ವಾಯಿ ಹಿತ್ತಲಿಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದಳು. "ಮಗಳ, ಆಗ ನಾ ಖರೇನ ಕಂಡಿದ್ನೋ, ಇಲ್ಲಾ ಅವ್ವ ಹೇಳಿದ್ಲಂತ ಕಂಡಂಗ ಅನಿಸಿತ್ತೋ? ಅವ್ವನ್ನ ನೋಡಿದೆ ಅಂತ ದಿನಾ ಸಮಾಧಾನ ಮಾಡ್ಕೊಂಡು ಕೆಳಗ ಇಳೀತಿದ್ದೆ. ಅದು ಬರೇ ಮೋಡ ಆಗಿದ್ರ ಹೆಂಗ?"

ಆಕೆಯ ಅವ್ವ ತೀರಿ ಎಷ್ಟೋ ವರ್ಷವಾಗಿತ್ತು, ಆ ಓಣಿಯ ಮನೆ ಬೇರೆಯವರದಾಗಿತ್ತು. ಉಳಿದದ್ದು ಆ ಕಂಡದ್ದೊಂದೇ. ಅದೂ ಹೋಗುವುದರಲ್ಲಿತ್ತು. ನಾನು ಅಳುತ್ತ ಹೋಗಿ ಮಾಮಾನಿಗೆ ಹೇಳಿದೆ.

ಮಾಮಾ ತಲೆ ಕೆರೆದುಕೊಂಡ. ಆಮೇಲೆ ಆಯಿಯ ಹತ್ತಿರ ಕೂತು ತಿಳಿಸಿ ಹೇಳಿದ. "ಯವ್ವಾ, ಫೋಟೋನೂ ಸುಳ್ಳ ಹೇಳತೈತಿ. ಕಾಮನಬಿಲ್ಲಿನಾಗ ನೇರಳಿ ಬಣ್ಣ ಇರತೈತಿಲ್ಲ, ಅದರ ಆಚೆ ಇನ್ನೊಂದು ಬೆಳಕ ಐತಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಫಿಲ್ಮಿಗೆ ಕಾಣತೈತಿ. ದೂರದ ಗಾಳಿ ತುಂಬ ಅದ ಚೆಲ್ಲಿರತೈತಿ. ಹಂಗಾಗಿ ನಮಗ ತುಸು ಮಬ್ಬು ಕಂಡಲ್ಲಿ ಫಿಲ್ಮಿಗೆ ಪೂರಾ ಬೆಳ್ಳಗ ಕಾಣತೈತಿ. ಆ ಬೆಳಕಷ್ಟ ತಡದು ಉಳಿದದ್ದು ಬಿಡೂ ಅಂಥಾ ಕಾಜ ಐತಿ. ಫಿಲ್ಟರ್ ಅಂತಾರ. ಅದು ಸಿಗಲಿ, ಮತ್ತೊಮ್ಮೆ ಹೊಡೀತೀನಿ."

ಸಿಗಬೇಕಲ್ಲ. ಲಡಾಯಿಯ ಕಾಲದಲ್ಲಿ ಸೀಮೆಎಣ್ಣೆಗೇ ಪಾಳಿ, ಇನ್ನು ಫಿಲ್ಟರು ಎಲ್ಲಿಂದ ಬರಬೇಕು? ಲಡಾಯಿ ಮುಗಿದ ಮೇಲೆ ಪಲ್ಟನ್ನಿನವರು ಬೇಡವಾದ ಸಾಮಾನನ್ನೆಲ್ಲ ಪುಣೆಯ ಬಜಾರದಲ್ಲಿ ಮಾರಿದರಂತೆ. ಬೂಟು, ಕಂಬಳಿ, ದುರ್ಬೀನು, ಅದರಲ್ಲಿ ಒಂದು ಪೆಟ್ಟಿಗೆ ತುಂಬ ಈ ಹಿತ್ತಾಳೆ ಬಳೆಗಳು. ವಿಮಾನದಿಂದ ನೆಲದ ಫೋಟೋ ತೆಗೆಯುವವರು ಮಬ್ಬು ಸೋಸಲಿಕ್ಕೆ ಹಾಕುತ್ತಿದ್ದರಂತೆ. ತನ್ನ ಲೆನ್ಸಿಗೆ ಹೊಂದುವುದೊಂದನ್ನು ಮಾಮಾ ಆರಿಸಿ ತಂದ.

ನಾವೆಲ್ಲ ಮುಗಿಬಿದ್ದು ನೋಡಿದೆವು. ಏನೂ ಇಲ್ಲ. ಕೆಂಪಿಲ್ಲ, ಹಸಿರಿಲ್ಲ, ಕಿಟಕಿಯ ಕಾಜಿನಷ್ಟೂ ಬಣ್ಣ ಇಲ್ಲ. ಅದರೊಳಗಿಂದ ಬೇವಿನ ಮರ ನೋಡಿದೆ, ಬೇವಿನ ಮರವೇ ಇತ್ತು. "ಮಾಮಾ, ನಿನಗ ಯಾರೋ ಟೋಪಿ ಹಾಕ್ಯಾರ," ಅಂದೆ. ಆಯಿ ಕೈಗೆ ತೆಗೆದುಕೊಂಡು ಬೆರಳು ಆಡಿಸಿ, "ಕಾಣದ ಬೆಳಕ ಹಿಡಿಯಾಕ ಕಾಣದ ಕಾಜ. ಹಿಟ್ಟಿಗೆ ಸಾಣಿಗಿ ಇದ್ದಂಗ ಬೆಳಕಿಗೆ ಇದು, ಹೌದಿಲ್ಲೋ?" ಅಂದಳು. ಹೌದು ಅಂದ ಮಾಮಾ. ನಾನು ಸಾಲಿಗೆ ಹೋಗುವವಳು, ನನಗೆ ತಿಳಿಯುವುದರೊಳಗೆ ಆಕೆಗೆ ತಿಳಿದಿತ್ತು.

ಬಂದ ಕೂಡಲೇ ಹೊಡೆಯಲಿಲ್ಲ. "ಈ ಕಾಜ ಬೆಳಕ ಸೋಸತೈತಿ, ಧೂಳ ಸೋಸಂಗಿಲ್ಲ. ಧೂಳ ತೊಳಿಯೂದು ಮಳೀ ಕೆಲಸ," ಅಂದ ಮಾಮಾ. ಬೇಸಿಗೆ ಕಳೆಯಿತು. ಮಿರಗದ ಮಳೆ ಹುಯ್ಯಿತು. ಮರುದಿನವೇ ಮೋಟಾರು ಹಿಡಿದು ಬಂದ. ಗುಮ್ಮಟ ಮೂಡಲಿಗೆ, ಹಾಗಾಗಿ ಸೂರ್ಯ ಬೆನ್ನಿಗೆ ಬರಬೇಕು ಅಂತ ಇಳಿಹೊತ್ತಿನವರೆಗೆ ಕಾದು ಕೂತ. ಆಮೇಲೆ ಕ್ಯಾಮೆರಾದ ಮೂತಿಗೆ ಬಳೆ ತಿರುಗಿಸಿ ಕೂಡಿಸಿ, ಮಾಳಗಿಯ ಕಟ್ಟೆಯ ಮೇಲೆ ಊರಿ, "ಉಸರ ಹಿಡೀರಿ," ಅಂದ. ಫೋಟೋದಲ್ಲಿ ಬರುವವರು ಯಾರೂ ಇರಲಿಲ್ಲ. ಆದರೂ ಆಯಿ, ನಾನು ಇಬ್ಬರೂ ಹಿಡಿದೆವು.

ಈಗ ಆಯಿಯ ಹಿತ್ತಾಳೆಯ ಸುದ್ದಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆ ಮನೆಯೊಳಗೆ ಹಿತ್ತಾಳೆ ಕಾಲಿಟ್ಟಿತು ಅಂದರೆ ಹುಣಸಿಹಣ್ಣು, ಇಟ್ಟಂಗಿ ಪುಡಿ ಕಾಣದೆ ಹೊರಗೆ ಹೋಗುತ್ತಿರಲಿಲ್ಲ. ನೆರೆಮನೆಯವರು ಮಜ್ಜಿಗೆ ಕೇಳಲು ತಂದ ತಂಬಿಗೆ ಫಳಫಳ ಹೊಳೆಯುತ್ತ ತಿರುಗಿ ಹೋಗುತ್ತಿತ್ತು. ಒಮ್ಮೆ ಚಾವಡಿಯ ವಾಲೀಕಾರ ನೀರು ಕುಡಿಯಲು ಕೂತಾಗ ಅವನ ಎದೆಪಟ್ಟಿಯ ಬಿಲ್ಲೆ ಬಿಚ್ಚಿಸಿಕೊಂಡು ತಿಕ್ಕಿ ಕೊಟ್ಟಿದ್ದಳು. ಸರಕಾರದ ಅಕ್ಷರ ಅರ್ಧ ಅಳಿಸಿತ್ತು. ಕಣ್ಣು ಹೋದ ಮೇಲೂ ಬೆರಳಿಗೆ ತಾಕಿದ ಕೂಡಲೇ ಇದು ಹಿತ್ತಾಳೆ, ಇದು ತಾಮ್ರ ಅಂತ ಗೊತ್ತಾಗುತ್ತಿತ್ತು. ಇನ್ನೊಂದು ಆಕೆಯ ಪದ್ಧತಿ: ಹಗಲೆಲ್ಲ ದುಡಿದದ್ದು ಏನೇ ಇರಲಿ, ಎತ್ತಾಗಲಿ, ಕುಡಗೋಲಾಗಲಿ, ದೀಪ ಹಚ್ಚುವುದರೊಳಗೆ ಅದರ ಮಾರಿ ತೊಳೆಯಬೇಕು.

ಫೋಟೋ ಹೊಡೆದು ಮಾಳಗಿ ಇಳಿದ ಮಾಮಾ ಕ್ಯಾಮೆರಾವನ್ನು ಪಡಸಾಲೆಯಲ್ಲಿಟ್ಟು, ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದ. ನಾನು ರೊಟ್ಟಿಯ ಮೇಲೆ ಕಣ್ಣಿಟ್ಟು ಕೂತಿದ್ದೆ.

"ಯವ್ವಾ, ಇಲ್ಲಿಟ್ಟ ಕ್ಯಾಮೆರಾ ಎಲ್ಲಿ?"

"ದೇವರ ಮನಿಯಾಗ ಐತಿ. ಪಾಪ, ಬಿಸಲಾಗ ನಿಂತ ದುಡದೈತಿ. ಮಾರಿಗೆಲ್ಲಾ ಮಣ್ಣ ಸಿಡದಿತ್ತು. ತೊಳದ ಇಟ್ಟೇನಿ."

ನಾವು ಹೋಗಿ ನೋಡಿದೆವು. ಕ್ಯಾಮೆರಾ ಜಗಲಿಯ ಮೇಲೆ ಕೂತಿತ್ತು. ಹಣೆಗೆ ಇಬತ್ತಿ, ನಡುವೆ ಕುಂಕುಮ, ನೆತ್ತಿಗೊಂದು ದಾಸಾಳ ಹೂವು. ಹಿತ್ತಾಳೆ ಬಳೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅದರ ನಡುವಿನ ಕಾಜು ಮಾತ್ರ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಇಟ್ಟಂಗಿ ಪುಡಿ ತನ್ನ ಕೆಲಸ ಮಾಡಿತ್ತು. ಮೂತಿಯಿಂದ ಇನ್ನೂ ಹನಿ ಹನಿ ನೀರು ಇಳಿಯುತ್ತಿತ್ತು.

ಮಾಮಾ ಹೊಸ್ತಿಲ ಮೇಲೆ ಕುಸಿದು ಕೂತ.

"ಹೊಸ್ತಿಲ ಮ್ಯಾಲೆ ಕುಂಡ್ರಬ್ಯಾಡೋ," ಅಂದಳು ಆಯಿ.

ಎದ್ದ. ಕ್ಯಾಮೆರಾ ತೊಡೆಯ ಮೇಲೆ ಇಟ್ಟುಕೊಂಡು, ಟವೆಲ್ಲಿನಿಂದ ಒರೆಸಿ, ಹುಣಸಿಹಣ್ಣಿನ ಅಂಟಿಗೆ ಬಿಗಿಯಾಗಿದ್ದ ಬಳೆಯನ್ನು ಹಲ್ಲು ಕಚ್ಚಿ ತಿರುಗಿಸಿದ. ಬಂತು. ಒಳಗಿನ ಲೆನ್ಸು ಕರುವಿನ ಕಣ್ಣಿನ ಹಾಗೆ ನಿರ್ಮಳ ಇತ್ತು. ಒಂದು ಗೀರಿಲ್ಲ. ಮಾಮಾನಿಗೆ ಉಸಿರು ಬಂತು. "ಇದೊಂದು ಅಡ್ಡ ಇರಲಿಲ್ಲಂದ್ರ ನನ್ನ ಅಂಗಡಿ ಬಾಗಲಾ ಇವತ್ತಿಗೆ ಮುಚ್ಚತಿತ್ತು," ಅಂತ ನನಗಷ್ಟೇ ಕೇಳುವ ಹಾಗೆ ಹೇಳಿದ. ಮಬ್ಬು ಸೋಸುವುದು ಒಂದು ಕೆಲಸವಾದರೆ, ಲೆನ್ಸಿಗೆ ಮುಸುಕಾಗಿ ನಿಂತು ಧೂಳು, ಬೆರಳು, ಪೆಟ್ಟು ಎಲ್ಲ ತಾನು ತಿನ್ನುವುದು ಆ ಕಾಜಿನ ಇನ್ನೊಂದು ಕೆಲಸ. ಅಂಥ ಬೆಲೆಯ ಲೆನ್ಸು ಇದ್ದವರು ಅದನ್ನು ಬಿಚ್ಚುವುದೇ ಇಲ್ಲವಂತೆ. ಆದರೆ ಹುಣಸಿಹಣ್ಣಿನ ಮಾತು ಅದನ್ನು ಮಾಡಿದವರಿಗೂ ಹೊಳೆದಿರಲಿಕ್ಕಿಲ್ಲ.

ನಮ್ಮ ಪಿಸುಮಾತು ಕೇಳಿ ಆಯಿಯ ಕೈ ಸೆರಗಿಗೆ ಹೋಯಿತು. "ಯಾಕೋ? ತೊಳದದ್ದು ತಪ್ಪಾತೇನು?"

ಮಾಮಾ ಆಕೆಯನ್ನು ನೋಡಿದ. ಕ್ಯಾಮೆರಾದಿಂದ ನೀರು ಇನ್ನೂ ಇಳಿಯುತ್ತಿತ್ತು, ಫಿಲ್ಮು ಒಳಗೇ ಇತ್ತು. "ಇಲ್ಲ ಯವ್ವಾ," ಅಂದ. "ಛಲೋ ತೊಳದಿ."

ನನ್ನ ಮಾಮಾನ ಮೇಲೆ ನನಗೆ ಎಷ್ಟು ಪ್ರೀತಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಈ ಮಾತು. ಬೇರೇನೂ ಹೇಳುವುದಿಲ್ಲ.

ಗೀರು ಬಿದ್ದ ಬಳೆಯನ್ನು ನನ್ನ ಕೈಯಲ್ಲಿ ಹಾಕಿ, ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು, ಊಟವನ್ನೂ ಮಾಡದೆ ವಿಜಾಪುರಕ್ಕೆ ಹೊರಟ. ನಾನು ಬಳೆಯನ್ನು ಕಣ್ಣಿಗೆ ಹಿಡಿದು ನೋಡಿದೆ. ಅಂಗಳಕ್ಕೆಲ್ಲ ಹಾಲು ಚೆಲ್ಲಿದ ಹಾಗೆ ಕಂಡಿತು, ಒಲೆಯ ಬೆಳಕು ಒಡೆದು ಹರಡಿತು, ಆಯಿಗೆ ಮಾರಿಯೇ ಇರಲಿಲ್ಲ. ಹಿಂಗ ಕಾಣತೈತಿ ಆಯಿ ಅಂತ ಹೇಳಿದೆ. "ಹೂಂ, ನನಗ ದಿನಾ ಹಂಗ," ಅಂದಳು, ರೊಟ್ಟಿ ಬಡಿಯುತ್ತ. ಅಲ್ಲಿಯವರೆಗೆ ಪೊರೆಯೊಳಗಿಂದ ಹೇಗೆ ಕಾಣುತ್ತದೆ ಅಂತ ನಾನು ಆಕೆಯನ್ನು ಕೇಳಿಯೂ ಇರಲಿಲ್ಲ.

ಮುಂದಿನ ಸಂತೆಯ ದಿನ ಮಾಮಾ ಬಂದ. ದೂರದಿಂದಲೇ ಅವನ ನಡಿಗೆ ನೋಡಿ ಸುದ್ದಿ ಛಲೋ ಇದೆ ಅಂತ ನನಗೆ ಗೊತ್ತಾಯಿತು. ಫಿಲ್ಮಿನ ಒಂದು ಮೂಲೆಗೆ ನೀರು ತಾಗಿ ಕಲೆ ಬಿದ್ದಿತ್ತು. ದೊಡ್ಡದು ಮಾಡಿದ ಫೋಟೋದಲ್ಲಿ ಆ ಮೂಲೆಯನ್ನು, ಮೇಲಿನ ಎಡ ಮೂಲೆಯನ್ನು, ಕತ್ತರಿಯಿಂದ ಕೊರೆದು ತೆಗೆದಿದ್ದ. ಉಳಿದದ್ದು ಸ್ವಚ್ಛ. ಮಾಳಗಿಯ ಕಟ್ಟೆ, ಬೇವು, ಹೊಲ, ಹೊಲದಾಚೆ ಹೊಲ, ಹಿಂದಿನ ಸಲ ಸುಣ್ಣ ಬಳಿದಂತಿದ್ದಲ್ಲಿ ಈಗ ಗೆರೆ ಕೊರೆದಂಥ ದಿಗಂತ. ಆ ಗೆರೆಯ ಮೇಲೆ, ಅರ್ಧ ನೆಲದಲ್ಲಿ ಹೂತ ಸಾಸಿವೆ ಕಾಳಿನ ಹಾಗೆ, ಒಂದು ದುಂಡನೆಯ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದೆ. ಗುಮ್ಮಟ. ಯಾರೂ ಮೋಡ ಅನ್ನುವ ಹಾಗಿರಲಿಲ್ಲ.

ಆಯಿಯ ಬೆರಳು ಹಿಡಿದು ಆ ಚುಕ್ಕೆಯ ಮೇಲೆ ಇಟ್ಟೆ. ಬೆರಳ ಕೆಳಗೆ ಗುಮ್ಮಟವಷ್ಟೇ ಅಲ್ಲ, ಇಡೀ ವಿಜಾಪುರ ಮುಚ್ಚಿಹೋಯಿತು.

"ಖರೇನ ಐತಿ?"

"ಐತಿ ಆಯಿ. ದೇವರಾಣಿ."

ಬೆರಳು ತೆಗೆಯದೆಯೇ, "ಹಂಗಾರ ನಾ ನೋಡಿದ್ದು ಅವ್ವನ್ನ," ಅಂದಳು.

ಪಂಚಮಿ ಬಂತು. ಗಂಗವ್ವಾಯಿಯ ಬಂಡಿಯೂ ಬಂತು. ಈ ಸಲ ಆಯಿ ಆಕೆಗೆ ಕಾಲು ತೊಳೆಯಲೂ ಬಿಡಲಿಲ್ಲ. ಪಡಸಾಲೆಯಲ್ಲಿ ಕೂಡಿಸಿ, ಪಕ್ಕದಲ್ಲಿ ತಾನೂ ಕೂತು ಫೋಟೋ ಕೈಗೆ ಕೊಟ್ಟಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಗಂಗವ್ವಾಯಿ ಫೋಟೋವನ್ನು ಅತ್ತಿತ್ತ ತಿರುಗಿಸಿ ಮೂಗಿಗೆ ಹತ್ತಿರ ತಂದಳು, ದೂರ ಒಯ್ದಳು. ಮತ್ತೆ ಹತ್ತಿರ ತಂದಳು.

"ಹೌದ ವೈನಿ," ಅಂದಳು. "ಕಾಣತೈತಿ. ಅಲ್ಲೇ ಐತಿ."

ನಾನು ನಗು ತಡೆದುಕೊಂಡೆ. ಫೋಟೋ ತಲೆಕೆಳಗಾಗಿತ್ತು, ಬೇವಿನ ಮರ ಆಕಾಶದಿಂದ ಜೋತುಬಿದ್ದಿತ್ತು. ಆಯಿ ಆ ಚುಕ್ಕೆ ತೋರಿಸಲಿಕ್ಕೆ ಕೈ ಚಾಚಿದಳು. ಬೆರಳಿಗೆ ಕತ್ತರಿಸಿದ ಮೂಲೆ ಸಿಕ್ಕಿತು. ಮೇಲೆ ಎಡಕ್ಕೆ ಇರಬೇಕಾದದ್ದು ಕೆಳಗೆ ಬಲಕ್ಕೆ ಇತ್ತು. ಆಯಿಯ ಕೈ ಅಲ್ಲೇ ನಿಂತಿತು. ಆಗ ನಾನೂ ಗಂಗವ್ವಾಯಿಯ ಕಣ್ಣನ್ನು ಸರಿಯಾಗಿ ನೋಡಿದೆ. ಆಯಿಯ ಕಣ್ಣಿನಲ್ಲಿದ್ದ ಹಾಲೇ ಅಲ್ಲೂ ಇತ್ತು. ನನ್ನ ನಗು ಹೋಯಿತು.

"ನಿನಗೂ ಕಾಣಂಗಿಲ್ಲೇನು ಗಂಗವ್ವಾ?" ಅಂದಳು ಆಯಿ. "ಮತ್ತ್ಯಾಕ ಕಾಣತೈತಿ ಅಂತಿ? ನನ್ನ ಸಮಾಧಾನಕ್ಕೇನು?"

ಗಂಗವ್ವಾಯಿ ಫೋಟೋ ತೊಡೆಯ ಮೇಲೆ ಇಟ್ಟಳು. ತಪಕೀರಿನ ಡಬ್ಬಿ ತೆಗೆದಳು, ಏರಿಸದೆ ಮುಚ್ಚಿದಳು.

"ಫೋಟೋದಾಗ ಕಾಣಂಗಿಲ್ಲ," ಅಂದಳು. "ಮಾಳಗಿ ಮ್ಯಾಲಿಂದ ಕಂಡಿತ್ತು ವೈನಿ. ನೀ ಬಂದ ಮೊದಲನೇ ದಿನಾನ ನಿನ್ನ ಹಿಂದ ಹತ್ತಿ ಬಂದಿದ್ದೆ. ನಿನಗ ಕಂಡದ್ದ ನನಗೂ ಕಂಡಿತ್ತು. ನೀ ಅದನ್ನ ನೋಡಕೋತ ನಿಂತ ಅಳತಿದ್ದಿ. ಕೆಳಗ ನಾ ಒಬ್ಬಾಕಿನ ಕವಡಿ ಹಾಸಿಕೊಂಡು ಕುಂಡರತಿದ್ದೆ. ಅದು ಮೋಡ ಅಂದ್ರ ನೀ ಹತ್ತೂದು ಬಿಡತಿ, ನನ್ನ ಕೂಡ ಆಡತಿ ಅಂತ ಹಂಗಂದೆ. ಮುಂದ ಅಂದಕೋತ ಹೋದೆ."

ಹೊರಗೆ ಓಣಿಯ ಹುಡುಗಿಯರು ಜೋಕಾಲಿ ಕಟ್ಟುವ ಗದ್ದಲ ಕೇಳುತ್ತಿತ್ತು. ಆಯಿ ಬೈಯುತ್ತಾಳೆ ಅಂತ ನಾನು ಕಾದೆ. ಬೈಯಲಿಲ್ಲ.

"ಹುಚ್ಚಿ," ಅಂದಳು. "ಅದು ಕಂಡ ದಿನ ನಾ ಅಳತಿರಲಿಲ್ಲ. ಕಾಣದ ದಿನ ಅಳತಿದ್ದೆ."

ಆಮೇಲೆ ನಾದಿನಿಯ ತೊಡೆಯ ಮೇಲಿನ ಫೋಟೋವನ್ನು ತಡಕಾಡಿ ಹಿಡಿದು, ಕತ್ತರಿಸಿದ ಮೂಲೆ ಮೇಲೆ ಎಡಕ್ಕೆ ಬರುವ ಹಾಗೆ ತಿರುಗಿಸಿ, ಮತ್ತೆ ಆಕೆಯ ಕೈಯಲ್ಲಿ ಇಟ್ಟಳು.

"ಹಿಂಗ ಹಿಡಿ," ಅಂದಳು.